ಗೆರೆಯಾಚೆ ಎರಡು ಬೆರಳು

ನನ್ನ ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಕೆಳಗಿದೆ ಎಂದು ನನಗೆ ಮೊದಲು ಹೇಳಿದವರು ಅವರು. ಹೆತ್ತ ತಾಯಿ ಹೇಳಿರಲಿಲ್ಲ, ಕಟ್ಟಿಕೊಂಡ ಗಂಡ ಗಮನಿಸಿರಲಿಲ್ಲ, ಬೆನ್ನುನೋವೆಂದು ಹೋದಾಗಲೆಲ್ಲ ಅದೇ ಮಾತ್ರೆ ಬರೆದುಕೊಡುತ್ತಿದ್ದ ಡಾಕ್ಟರಿಗೂ ಹೊಳೆದಿರಲಿಲ್ಲ. ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ, ಕೋಳಿ ಅಂಗಡಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ, ಎರಡು ಹೊಲಿಗೆ ಮಿಷನ್ ಹಿಡಿಸುವಷ್ಟು ಜಾಗದಲ್ಲಿ ಕೂತಿದ್ದ ಆಕೆ ನನ್ನ ಹೆಗಲ ಮೇಲೆ ಟೇಪು ಇಟ್ಟು, ತಲೆ ಓರೆ ಮಾಡಿ ನೋಡಿ ಕೇಳಿದರು:

"ಮಿಸ್, ಬ್ಯಾಗು ಯಾವಾಗ್ಲೂ ಈ ಕಡೆಗೇ ಹಾಕ್ಕೋತೀರಲ್ವಾ?"

ಹೌದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಉತ್ತರಪತ್ರಿಕೆಗಳ ಕಟ್ಟನ್ನೆಲ್ಲ ಹೊತ್ತದ್ದು ಅದೇ ಹೆಗಲು.

"ಚಿಂತೆ ಮಾಡ್ಬೇಡಿ. ಭುಜ ಹೆಂಗಿದ್ಯೋ ಹಂಗೇ ಇರ್ಲಿ. ಬ್ಲೌಸೇ ಅದಕ್ಕೆ ಅಡ್ಜಸ್ಟ್ ಮಾಡ್ಕೊಳುತ್ತೆ."

ಅಲ್ಲಿಯವರೆಗೆ ನನ್ನ ರವಿಕೆಗಳೆಲ್ಲ ಎಡಕ್ಕೆ ಜಾರುತ್ತಿದ್ದವು. ಹೊಲಿದ ಟೈಲರುಗಳೋ, ನೀವು ನೆಟ್ಟಗೆ ನಿಲ್ಲುವುದಿಲ್ಲ ಎಂದು ನನಗೇ ಹೇಳುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾನು ವರ್ಷವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆ ಟೈಲರುಗಳನ್ನೂ ಒಂದು ದಿನ ಕೂರಿಸಬೇಕಿತ್ತು.

ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು. ಅವರ ಮನೆಮಾತಿನಲ್ಲಿ ಅಕ್ಕ ಎಂದರ್ಥ. ಬುರ್ಖಾ ಹಾಕಿದವರಿಗೂ ಆಪಾ, ಕುಂಕುಮ ಇಟ್ಟವರಿಗೂ ಆಪಾ, ಅವರಿಗಿಂತ ಹತ್ತು ವರ್ಷ ದೊಡ್ಡವನಾದ ಕೋಳಿ ಅಂಗಡಿಯವನಿಗೂ ಆಪಾ. ನನಗಿಂತ ನಾಲ್ಕು ವರ್ಷಕ್ಕೆ ಹಿರಿಯರು. ಹೆಸರು ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಅಷ್ಟೊಂದು ವಿಡಿಯೋ ಮಾಡಿಯೂ ಒಂದರಲ್ಲೂ ಮುಖ ತೋರಿಸದವರು ಅವರು. ಈಗ ನಾನು ಹೆಸರು ಹಾಕಿದರೆ ಬೈಗುಳ ಖಂಡಿತ.

ಅಂಗಡಿಯ ಗೋಡೆಯಲ್ಲಿ ಒಂದು ದಪ್ಪ ಮೊಳೆ ಇತ್ತು. ಅದಕ್ಕೆ ಚುಚ್ಚಿ ನೇತುಹಾಕಿದ ಹಳೆಯ ನ್ಯೂಸ್‌ಪೇಪರುಗಳು. ಗಿರಾಕಿಗೊಂದರಂತೆ ರವಿಕೆಯ ಆಕಾರಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದರು. ಯಾವುದರ ಮೇಲೂ ಹೆಸರಿಲ್ಲ. ಒಂದರ ಮೇಲೆ ಎರಡು ಚುಕ್ಕೆ, ಇನ್ನೊಂದರ ಮೇಲೆ ಒಂದು ಸೊನ್ನೆ, ನನ್ನದರ ಮೇಲೆ ಎಡಭುಜದ ಹತ್ತಿರ ಕೆಳಮುಖವಾಗಿ ಒಂದು ಬಾಣ. ಹೆಸರು ಬರೆದಿಟ್ಟರೆ ಹುಡುಕುವುದು ಸುಲಭವಲ್ಲವೇ ಎಂದು ಒಮ್ಮೆ ಮೇಷ್ಟ್ರಿಕೆ ಮಾಡಿದೆ.

"ಹೆಸ್ರು ಹತ್ತು ಜನಕ್ಕೆ ಒಂದೇ ಇರುತ್ತೆ ಮಿಸ್. ಮೈ ಒಬ್ರಿಗೆ ಒಂದೇ."

ಅವರದೊಂದು ಕಟ್ಟಳೆ ಇತ್ತು. ಸೀಮೆಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ಅವರ ಕತ್ತರಿ ಎಂದೂ ಹೋಗುತ್ತಿರಲಿಲ್ಲ. ಗೆರೆ ಹೊಲಿಗೆಗೆ, ಕತ್ತರಿ ಗೆರೆಯಾಚೆ ಎರಡು ಬೆರಳು. ಉಳಿದ ಟೈಲರುಗಳು ಒಂದು ಬೆರಳು ಬಿಟ್ಟರೆ ಹೆಚ್ಚು. ಇವರು ಗಿರಾಕಿಯ ಬಟ್ಟೆ ಎಷ್ಟೇ ಕಡಿಮೆ ಇದ್ದರೂ ತೋಳಲ್ಲಿ ಉಳಿಸಿ, ಅಂಚಲ್ಲಿ ಉಳಿಸಿ, ಪಕ್ಕದಲ್ಲಿ ಮಾತ್ರ ಎರಡು ಬೆರಳು ಬಿಟ್ಟೇ ಬಿಡುತ್ತಿದ್ದರು. ಯಾಕೆ ಆಪಾ ಅಷ್ಟೊಂದು ಎಂದರೆ, "ಹೆಂಗಸರ ಮೈ ಬಾಡಿಗೆ ಮನೆ ಇದ್ದಂಗೆ. ಯಾವಾಗ ಎಷ್ಟು ಜನ ಇರ್ತಾರೋ ಹೇಳಕ್ಕಾಗಲ್ಲ," ಎನ್ನುತ್ತಿದ್ದರು. ನನ್ನ ಹಸಿರು ರೇಷ್ಮೆ ರವಿಕೆಯನ್ನು ಮೂರು ಸಲ ಬಿಚ್ಚಿ ಅಗಲ ಮಾಡಿಕೊಟ್ಟಿದ್ದಾರೆ. ಮೂರನೆಯ ಸಲ ಕೊಡುವಾಗ, "ಇನ್ನೊಂದು ಸಲಕ್ಕೆ ಜಾಗ ಇದೆ. ಧೈರ್ಯವಾಗಿ ಹೋಳಿಗೆ ತಿನ್ನಿ," ಎಂದರು.

ನಮ್ಮ ಶಾಲೆಯ ಗಣಿತದ ಟೀಚರಿಗೆ ಎದೆಯ ಆಪರೇಷನ್ ಆಗಿ ಒಂದು ಕಡೆ ತೆಗೆದುಹಾಕಿದ್ದರು. ಆಮೇಲೆ ಆಕೆ ಸೀರೆಯನ್ನೇ ಬಿಟ್ಟು, ಬೇಸಿಗೆಯಲ್ಲೂ ಶಾಲು ಹೊದ್ದು ಬರುತ್ತಿದ್ದಳು. ನಾನೇ ಆಪಾ ಬಳಿ ಕರೆದುಕೊಂಡು ಹೋದೆ. ಆಪಾ ಶಟರನ್ನು ಅರ್ಧ ಇಳಿಸಿ ಅಳತೆ ತೆಗೆದರು. ರವಿಕೆಯ ಒಂದು ಕಡೆಗೆ ಲೈನಿಂಗ್ ಬಟ್ಟೆಯಲ್ಲೇ ಒಳಜೇಬು ಹೊಲಿದು, ಹತ್ತಿ ತುಂಬಿ, ನಾಲ್ಕು ಸಲ ಹಾಕಿಸಿ ತೆಗೆಸಿ ಸರಿಮಾಡಿದರು. ಆ ವರ್ಷ ರಾಜ್ಯೋತ್ಸವಕ್ಕೆ ಗಣಿತದ ಟೀಚರ್ ಸೀರೆ ಉಟ್ಟು ಬಂದಳು. ಸ್ಟಾಫ್ ರೂಮಿನಲ್ಲಿ ಎಲ್ಲರ ಕಣ್ಣೂ ಒದ್ದೆಯಾಗಿತ್ತು.

ಅಂಥ ಆಪಾ ಕಣ್ಣು ಕೈಕೊಡಲು ಶುರುಮಾಡಿತು. ಸಕ್ಕರೆ ಕಾಯಿಲೆ ಕಣ್ಣಿಗಿಳಿದಿತ್ತು. ಸೂಜಿ ಕೆಲಸ ಇನ್ನು ಎರಡು ವರ್ಷ, ಹೆಚ್ಚೆಂದರೆ ಮೂರು, ಎಂದು ಕಣ್ಣಿನ ಡಾಕ್ಟರು ಹೇಳಿದ್ದರಂತೆ. ಮೊದಲು ಕಪ್ಪು ಬಟ್ಟೆ ಬಿಟ್ಟರು. "ಕಪ್ಪು ಈಗ ನನ್ ಜೊತೆ ಮಾತಾಡಲ್ಲ ಮಿಸ್" ಎನ್ನುವುದು ಅವರ ವಿವರಣೆ. ಆಮೇಲೆ ಕಡುನೀಲಿ, ಕಂದು. ಮಿಷನ್ನನ್ನು ಬಾಗಿಲ ಹತ್ತಿರ ಎಳೆದುಕೊಂಡರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಸಾಮಾನು ಸಾಗಿಸುವ ಆಟೋ ಓಡಿಸುತ್ತಿದ್ದ. ಮನೆ ನಡೆಯುತ್ತಿದ್ದದ್ದು ಅರ್ಧ ಅವನಿಂದ, ಅರ್ಧ ಈ ಮಿಷನ್ನಿಂದ. ಮಿಷನ್ ನಿಂತರೆ ಮಗ ಸೊಸೆಯ ಮುಂದೆ ಕೈಚಾಚಬೇಕು ಎನ್ನುವುದೊಂದೇ ಅವರ ಭಯ. ಮಗ ಒಳ್ಳೆಯವನೇ. ಆದರೂ ಹದಿನೆಂಟನೆಯ ವಯಸ್ಸಿನಿಂದ ದುಡಿದ ಕೈ ಅದು.

ವಿಡಿಯೋದ ಹುಚ್ಚು ಹತ್ತಿಸಿದವಳು ನಾನೇ. ಆಗಷ್ಟೇ ನಿವೃತ್ತಳಾಗಿದ್ದೆ. ಕಲಿಸಲು ಯಾರೂ ಇಲ್ಲದ ಟೀಚರು ಕಾಟ ಕೊಡಲು ಯಾರನ್ನಾದರೂ ಹುಡುಕುತ್ತಾಳೆ. "ಆಪಾ, ಕಣ್ಣು ಸೋತರೂ ಬಾಯಿ ಇದೆಯಲ್ಲ. ನಿಮ್ಮ ಕಟಿಂಗ್ ಪಾಠ ಮಾಡಿ ಮೊಬೈಲಲ್ಲಿ ಹಾಕೋಣ. ಜನ ನೋಡಿದರೆ ಆ ವಿಡಿಯೋ ಕಂಪನಿಯವರು ದುಡ್ಡು ಕೊಡುತ್ತಾರೆ," ಎಂದೆ. ಅವರು ಒಂದು ವಾರ ಯೋಚಿಸಿದರು. ಕೊನೆಗೆ, "ಮುಖ ಬೇಡ. ಬಟ್ಟೆ ಕಲಿಯೋರಿಗೆ ಮುಖ ಯಾಕೆ?" ಎಂದು ಒಪ್ಪಿದರು.

ಎರಡು ಕುರ್ಚಿಗಳ ಮೇಲೆ ಒಂದು ಹಲಗೆ ಅಡ್ಡ ಇಟ್ಟು, ಹಲಗೆಗೆ ಫೋನನ್ನು ರಬ್ಬರ್‌ಬ್ಯಾಂಡಿನಿಂದ ಕಟ್ಟಿ, ಕೆಳಗೆ ಬಟ್ಟೆ ಹಾಸುತ್ತಿದ್ದೆವು. ಕಾಣುತ್ತಿದ್ದದ್ದು ಎರಡು ಕೈ, ಹಸಿರು ಗಾಜಿನ ಬಳೆ, ಬಲ ಮಣಿಕಟ್ಟಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಉದ್ದನೆಯ ಕಲೆ. ಕೇಳುತ್ತಿದ್ದದ್ದು ಅವರ ಧ್ವನಿ, ಜೊತೆಗೆ ಪಕ್ಕದಂಗಡಿಯ ಕೋಳಿಗಳ ಧ್ವನಿ. ಪಾಠಗಳಿಗೆ ಹೆಸರಿಡುವ ಕೆಲಸ ನನ್ನದು. ಶಾಲೆಯ ಅಭ್ಯಾಸ, "ಬ್ಲೌಸ್ ಕಟಿಂಗ್, ಪಾಠ ಒಂದು", "ಬ್ಲೌಸ್ ಕಟಿಂಗ್, ಪಾಠ ಎರಡು" ಎಂದು ಸಾಲಾಗಿ ಹಾಕಿಕೊಂಡು ಹೋದೆ. ಇದನ್ನು ನೆನಪಿಡಿ, ಮುಂದೆ ಇದಕ್ಕಾಗಿ ನಾನು ಹಣೆ ಚಚ್ಚಿಕೊಳ್ಳುವುದಿದೆ.

ಜನ ಬಂದರು. ಕೋಲಾರದಿಂದ, ರಾಯಚೂರಿನಿಂದ, ಎಲ್ಲೆಲ್ಲಿಂದಲೋ ಹೆಂಗಸರು ಬರೆಯುತ್ತಿದ್ದರು. ಸಂಜೆ ನಾನು ಓದಿ ಹೇಳುತ್ತಿದ್ದೆ. ಒಬ್ಬಳು, ಮಗುವಿಗೆ ಹಾಲು ಕೊಡುವವರಿಗೆ ಹುಕ್ಕು ಹೇಗಿರಬೇಕು ಎಂದು ಕೇಳಿದಳು. ಮರುದಿನವೇ ಅದಕ್ಕೊಂದು ಪಾಠ. ಬೆನ್ನು ಗೂನಾದ ಅತ್ತೆಗೆ ಹೊಲಿಯಬೇಕು ಎಂದು ಇನ್ನೊಬ್ಬಳು. ಅದಕ್ಕೂ ಒಂದು. ಮೊಳೆಯಲ್ಲಿದ್ದ ಪೇಪರುಗಳು ಒಂದೊಂದಾಗಿ ಕೆಳಗಿಳಿದು ಪಾಠವಾಗಿ ಮತ್ತೆ ಮೊಳೆಗೆ ಹೋಗುತ್ತಿದ್ದವು.

ಒಂದು ಮಧ್ಯಾಹ್ನ ಸೊಸೆಯ ಕೈಯಲ್ಲಿ ನಮ್ಮ ಮನೆಗೆ ಒಂದು ಡಬ್ಬಿ ಖೀರು ಬಂತು. ಹಬ್ಬವಲ್ಲ, ಹರಿದಿನವಲ್ಲ. ಎರಡು ಬಟ್ಟಲು ಕುಡಿದು ಅಂಗಡಿಗೆ ಹೋದೆ. ಆಪಾ ಮುಖ ಅರಳಿತ್ತು. "ಮಿಸ್, ನನ್ನ ವಿಡಿಯೋ ನಡುವೆ ಅಡ್ವರ್ಟೈಸ್ಮೆಂಟ್ ಬಂತು! ಸೊಸೆ ತೋರಿಸಿದ್ಲು. ಸಂಬಳ ಶುರುವಾಯ್ತು ಅಂತ ತಾನೆ?"

ಖೀರು ಕುಡಿದ ಮೇಲೆ ಸತ್ಯ ಹೇಳುವುದು ಕಷ್ಟ. ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಆ ರಾತ್ರಿ ಕನ್ನಡಕ ಹಾಕಿಕೊಂಡು ಕಂಪನಿಯ ನಿಯಮಗಳನ್ನು ಓದಿದೆ. ಇಷ್ಟು ಜನ ಸೇರಬೇಕು, ಇಷ್ಟು ಗಂಟೆ ನೋಡಿರಬೇಕು, ಆಮೇಲೂ ಅವರು ಪರೀಕ್ಷೆ ಮಾಡಿ ಒಪ್ಪಬೇಕು. ಅಲ್ಲಿಯವರೆಗೆ ನಮ್ಮ ವಿಡಿಯೋ ಮೇಲೆ ಜಾಹೀರಾತು ಹಾಕುವ ಹಕ್ಕು ಅವರದು, ಅದರಿಂದ ಬರುವ ಹಣವೂ ಪೂರ್ತಿ ಅವರದು. ಮರುದಿನ ಹೇಳಿದೆ. ಆಪಾ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೇಳಿಸಿಕೊಂಡರು.

"ಅಂದ್ರೆ ಅಂಗಡಿ ನಂದು, ಗೋಡೆ ಮೇಲೆ ಬೋರ್ಡು ಅವರ್ದು."

"ಹೌದು ಆಪಾ."

"ಬೋರ್ಡಿನ ಬಾಡಿಗೆನೂ ಅವರಿಗೇ."

"ಹೌದು."

"ಯಾವ್ದಾದ್ರೂ ಕೋಚಿಂಗ್ ಸೆಂಟರ್‌ನೋರು ನಮ್ಮ ಶಟರ್ ಮೇಲೆ ಪೋಸ್ಟರ್ ಅಂಟಿಸಿದ್ರೆ ಬಿಲ್ಡಿಂಗ್ ಓನರ್ ಬಂದು ಹೆಂಗೆ ಬೈತಾನೆ! ಇವರನ್ನ ಬೈಯಕ್ಕೆ ಯಾರ ಹತ್ರ ಹೋಗ್ಬೇಕು?"

ಆಮೇಲೆ ಅವರೇ ಸಮಾಧಾನ ಮಾಡಿಕೊಂಡರು. ಪರೀಕ್ಷೆ ಇದೆ ತಾನೆ, ಪಾಸಾದರೆ ಆಯ್ತು ಎಂದರು. ಖೀರು ಕೊಟ್ಟ ಮೂರು ಮನೆಗೆ ಏನು ಹೇಳಲಿ ಎನ್ನುವುದೇ ಅವರಿಗೆ ದೊಡ್ಡ ಚಿಂತೆಯಾಗಿತ್ತು.

ಅಂತೂ ಇಂತೂ ಒಂದು ವರ್ಷ ಕಳೆಯುವ ಹೊತ್ತಿಗೆ ಬೇಕಾದಷ್ಟು ಜನ ಸೇರಿದರು, ಗಂಟೆಗಳೂ ತುಂಬಿದವು. ನಾನೇ ಅರ್ಜಿ ಹಾಕಿದೆ. ಅಷ್ಟರಲ್ಲಿ ಆಪಾ ಸೂಜಿಗೆ ದಾರ ಪೋಣಿಸುವುದನ್ನು ಪೂರ್ತಿ ಸೊಸೆಗೆ ಬಿಟ್ಟಿದ್ದರು. ಉತ್ತರ ಬಂದಾಗ ಅಂಗಡಿಗೆ ಓಡಿದೆ, ಫೋನು ಅವರ ಮುಂದೆ ಹಿಡಿದೆ. ಅವರಿಗೆ ಆ ಅಕ್ಷರ ಕಾಣುತ್ತಿರಲಿಲ್ಲ. ಓದಬೇಕಾದವಳು ನಾನೇ. ನಿಮ್ಮ ವಿಡಿಯೋಗಳಲ್ಲಿ ಹೇಳಿದ್ದನ್ನೇ ಹೇಳಲಾಗಿದೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಹೀಗಾಗಿ ಹಣ ಪಡೆಯಲು ಅರ್ಹವಲ್ಲ ಎಂದಿತ್ತು. ಹಾಗೆಂದು ಜಾಹೀರಾತು ನಿಲ್ಲಿಸುತ್ತೇವೆ ಎಂದೇನೂ ಇರಲಿಲ್ಲ.

ಆಪಾ ನಕ್ಕರು.

"ಬ್ಲೌಸ್ ಅಂದ್ರೆ ಎರಡು ತೋಳು, ಒಂದು ಬೆನ್ನು. ವ್ಯತ್ಯಾಸ ಬೇಕು ಅಂದ್ರೆ ಮೂರನೇ ತೋಳು ಎಲ್ಲಿಂದ ತರ್ಲಿ ಮಿಸ್?"

ನಾನು ನಗಲಿಲ್ಲ. ಮನೆಗೆ ಬಂದು ಆ ಪಟ್ಟಿಯನ್ನು ಮತ್ತೆ ನೋಡಿದೆ. ಬ್ಲೌಸ್ ಕಟಿಂಗ್, ಬ್ಲೌಸ್ ಕಟಿಂಗ್, ಬ್ಲೌಸ್ ಕಟಿಂಗ್. ಒಂದೇ ನೆಲ, ಒಂದೇ ಕೈ, ಒಂದೇ ಬಳೆ. ನೋಡಿದ್ದು ಮನುಷ್ಯರೋ ಯಂತ್ರವೋ ನನಗೆ ಗೊತ್ತಿಲ್ಲ. ಯಾರೇ ಆಗಲಿ, ಕೂತು ಪಾಠ ನೋಡಿರುವ ಲಕ್ಷಣವಿರಲಿಲ್ಲ. ಹಾಲೂಡಿಸುವ ತಾಯಿ, ಗೂನು ಬೆನ್ನಿನ ಅತ್ತೆ, ಎದೆ ಕಳೆದುಕೊಂಡ ಟೀಚರು, ಎಲ್ಲರನ್ನೂ ನಾನು ನಂಬರು ಹಾಕಿ ಸಾಲಾಗಿ ನಿಲ್ಲಿಸಿದ್ದೆ. ಅದೇ ಕಾರಣವಾಗಿತ್ತೋ ಇಲ್ಲವೋ, ಅವತ್ತು ಹಣೆ ಚಚ್ಚಿಕೊಂಡದ್ದು ನಿಜ.

ಮರುಪರಿಶೀಲನೆಗೆ ಬರೆಯಲು ಅವಕಾಶವಿತ್ತು. ನಾನು ಬರೆಯಲು ಕೂತಾಗ ಆಪಾ ಎದ್ದು, ಮೊಳೆಯಿಂದ ಆ ಪೇಪರುಗಳ ಕಟ್ಟನ್ನೇ ಪೂರ್ತಿ ಇಳಿಸಿ ನನ್ನ ಮಡಿಲಲ್ಲಿ ಇಟ್ಟರು. "ಇದನ್ನ ಅವರಿಗೆ ಕಳ್ಸಕ್ಕಾಗುತ್ತಾ? ಒಂದರ ಮೇಲೊಂದು ಇಟ್ಟು ನೋಡ್ಲಿ. ಯಾವುದಾದ್ರೂ ಎರಡು ಒಂದೇ ತರ ಇದ್ರೆ ನಾನು ಅಂಗಡಿ ಮುಚ್ತೀನಿ."

ಕಳಿಸಲು ಆಗುತ್ತಿರಲಿಲ್ಲ. ಅಲ್ಲಿ ಇದ್ದದ್ದು ನಾಲ್ಕು ಸಾಲು ಬರೆಯುವ ಒಂದು ಚೌಕ. ಕನ್ನಡದ ಟೀಚರ್ ತನಗೆ ಬರುವ ಇಂಗ್ಲಿಷಿನಲ್ಲಿ ಆ ಚೌಕದೊಳಗೆ ಆ ಮೊಳೆಯನ್ನೂ ಆ ಪೇಪರುಗಳನ್ನೂ ತುರುಕಲು ನೋಡಿದಳು. ಬೇಗನೆ ಉತ್ತರ ಬಂತು. ಮೊದಲು ಬಂದ ವಾಕ್ಯವೇ, ಒಂದಕ್ಷರ ಬದಲಾಗದೆ. ಹೇಳಿದ್ದನ್ನೇ ಹೇಳುವುದು ತಪ್ಪೆಂದು ನಮಗೆ ಹೇಳಿದವರು, ಹೇಳಿದ್ದನ್ನೇ ಹೇಳಿದ್ದರು.

ಆಪಾ ಈ ಸಲ ನಗಲಿಲ್ಲ. "ಎಲ್ಲಾ ತೆಗೆದುಬಿಡಿ ಮಿಸ್," ಎಂದರು. "ನನ್ನ ಪಾಠದ ನಡುವೆ ಯಾರ್ಯಾರೋ ಬಂದು ಸಾಮಾನು ಮಾರೋದು ಬೇಡ. ಕಣ್ಣು ಹೋದ್ರೆ ಹೋಗ್ಲಿ. ಮಗ ಅನ್ನ ಹಾಕ್ತಾನೆ." ಅವರ ಬಾಯಲ್ಲಿ ಆ ಕೊನೆಯ ಮಾತು ಕೇಳಿದ ಮೇಲೆ ನಾನು ವಾದ ಮಾಡಲಿಲ್ಲ. ಶುಕ್ರವಾರ ಬಂದು ಎಲ್ಲವನ್ನೂ ಅಳಿಸಿಕೊಡುತ್ತೇನೆ ಎಂದು ಮಾತು ಕೊಟ್ಟೆ.

ಗುರುವಾರ ಬಾಗಲಗುಂಟೆಯಿಂದ ಒಬ್ಬಾಕೆ ಬಂದಳು.

ಮೂವತ್ತರ ಆಸುಪಾಸಿನವಳು. ಯಶವಂತಪುರದಲ್ಲಿ ಬಸ್ಸು ಬದಲಾಯಿಸಿ, ಪಾಠದಲ್ಲಿ ಆಪಾ ಒಮ್ಮೆ ಹೆಸರು ಹೇಳಿದ್ದ ಆರ್.ಟಿ. ನಗರದಲ್ಲಿಳಿದು, ಮೂರು ಟೈಲರ್ ಅಂಗಡಿ ವಿಚಾರಿಸಿ, ನಾಲ್ಕನೆಯದಕ್ಕೆ ಬಂದಿದ್ದಳು. ಒಳಗೆ ಬಂದವಳು ಆಪಾ ಮುಖ ನೋಡಲಿಲ್ಲ, ಮಣಿಕಟ್ಟಿನ ಸುಟ್ಟ ಕಲೆ ನೋಡಿದಳು. "ಇದೇ ಕೈ," ಎಂದು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. ಚೀಲದಿಂದ ಕಡುನೀಲಿ ರೇಷ್ಮೆಯ ತುಂಡುಗಳನ್ನು ತೆಗೆದಿಟ್ಟಳು. ಭಾನುವಾರ ತಂಗಿಯ ಮದುವೆ. ಧಾರೆ ಸೀರೆಯ ಜೊತೆಗೇ ಬಂದ ರವಿಕೆ ಬಟ್ಟೆ ಅದು. ತಂಗಿಗೆ ತಾನೇ ಹೊಲಿದುಕೊಡುತ್ತೇನೆ ಎಂದು ಹಟ ಹಿಡಿದು, ಆಪಾ ಪಾಠ ನೋಡಿಕೊಂಡು ಕತ್ತರಿಸಿದ್ದಳು. ಸರಿಯಾಗಿ ಗೆರೆಯ ಮೇಲೆಯೇ.

"ಅಮ್ಮಾ, ನೀವು ಗೆರೆ ಎಳೀರಿ ಅಂದ್ರಿ, ಎಳ್ದೆ. ಅಷ್ಟೊತ್ಗೆ ಎಂಥದೋ ಸಾಲ ಕೊಡ್ತೀವಿ ಅನ್ನೋ ಅಡ್ವರ್ಟೈಸು ಬಂತು. ಎಂಗಿದ್ರೂ ಗೆರೆ ಎಳ್ದಾಯ್ತಲ್ಲ ಅಂತ ಕತ್ರಿ ಆಡಿಸ್ಬಿಟ್ಟೆ. ಅದು ಮುಗಿದ್ಮೇಲೆ ನೀವು, ಗೆರೆ ಮೇಲೆ ಕತ್ರಿ ಹಾಕ್ಬೇಡಿ, ಎರಡು ಬೆರಳು ಆಚೆ ಅಂದ್ರಿ."

"ಅಡ್ವರ್ಟೈಸ್ಮೆಂಟ್ ಮುಗಿಯೋ ತನಕ ಕಾಯೋಕೆ ಏನಾಗಿತ್ತಮ್ಮಾ ನಿನಗೆ?" ಎಂದು ನಾನು ಟೀಚರ್ ಧ್ವನಿಯಲ್ಲಿ ಗದರಿದೆ.

"ಗಾರ್ಮೆಂಟ್ಸ್‌ನಲ್ಲಿ ಆರು ವರ್ಷದಿಂದ ಬರೀ ಕಾಲರ್ ಹೊಲೀತಿವ್ನಿ ಮೇಡಂ. ಒಂದು ಪೀಸು ಮುಗಿಯೋದ್ರೊಳ್ಗೆ ಇನ್ನೊಂದು ಬಂದಿರ್ತದೆ. ಕೈ ಖಾಲಿ ಇದ್ರೆ ಸೂಪರ್ವೈಸರ್ ಬೈತಾನೆ. ಇಂಗೆ ಸುಮ್ನೆ ಕೂತ್ಕೊಳ್ಳೋದು ನನ್ನ ಕೈಗೆ ಗೊತ್ತೇ ಇಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ನಾನು ಆ ಸಾಲದ ಜಾಹೀರಾತಿನವರನ್ನೂ, ಅದನ್ನು ಅಲ್ಲಿ ತಂದು ತುರುಕಿದವರನ್ನೂ ಬಾಯಿಗೆ ಬಂದಂತೆ ಬೈಯತೊಡಗಿದೆ. ಪಾಠದ ನಡುವೆ ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಬಿಡಬಾರದು ಎನ್ನುವುದು ಕಲಿಸುವವರಿಗೆ ಗೊತ್ತು. ಜಾಹೀರಾತು ಹಾಕುವವರಿಗೆ ಏನು ಗೊತ್ತು? ಆಪಾ ಕೈಯೆತ್ತಿ ನನ್ನನ್ನು ತಡೆದರು.

"ತಪ್ಪು ನಂದು ಮಿಸ್. ಎಚ್ಚರಿಕೆ ಮೊದ್ಲು ಹೇಳ್ಬೇಕಿತ್ತು, ಗೆರೆ ಆಮೇಲೆ." ಆಮೇಲೆ ಅವಳತ್ತ ತಿರುಗಿ, "ಬೇಟಾ, ಸೀರೆ ತಂದಿದೀಯಾ?" ಎಂದರು.

ತಂದಿದ್ದಳು. ಉಟ್ಟಾಗ ಸೊಂಟದೊಳಗೆ ಸಿಕ್ಕಿಸುವ, ಯಾರಿಗೂ ಕಾಣದ ತುದಿಯಿಂದ ಆಪಾ ಒಂದು ಪಟ್ಟಿ ತೆಗೆದರು. ಅದನ್ನು ಉದ್ದಕ್ಕೆ ಎರಡು ಮಾಡಿ, ರವಿಕೆಯ ಎರಡೂ ಪಕ್ಕಕ್ಕೆ, ಕಂಕುಳ ಕೆಳಗೆ, ಕೂಡಿಸಬೇಕು. ಬಟ್ಟೆ ಕಡುನೀಲಿ. ಒಂದು ವರ್ಷದಿಂದ ಅವರು ಮುಟ್ಟದಿದ್ದ ಬಣ್ಣ. ಶುಕ್ರವಾರ, ಶನಿವಾರ ಎರಡೂ ದಿನ ಬೆಳಗಿನ ಬಿಸಿಲಿಗೆ ಹೊಸ್ತಿಲ ಮೇಲೆ ಕೂತು ಹೊಲಿದರು. ನಾನು ಹನ್ನೆರಡು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಪಕ್ಕದಲ್ಲಿ ಕೂತಿದ್ದೆ. ಅವರು ಬಟ್ಟೆ ನೋಡುತ್ತಿರಲಿಲ್ಲ. ಮುಖ ರಸ್ತೆಯ ಕಡೆಗಿತ್ತು. ಎಡಗೈಯ ಎರಡು ಬೆರಳು ಮುಂದೆ ಮುಂದೆ ತಡವುತ್ತಾ ಹೋಗುತ್ತಿದ್ದವು, ಸೂಜಿ ಹಿಂದೆ ಹಿಂದೆ ಬರುತ್ತಿತ್ತು. ಮಧ್ಯೆ ಒಮ್ಮೆ ಬೆರಳಿಗೆ ಚುಚ್ಚಿಕೊಂಡಾಗ ರೇಷ್ಮೆಗೆ ರಕ್ತ ತಾಗಬಾರದೆಂದು ಬೆರಳನ್ನು ಬಾಯಲ್ಲಿಟ್ಟುಕೊಂಡು, "ಎರಡು ಬೆರಳಿನ ಲೆಕ್ಕಕ್ಕೆ ಕಣ್ಣು ಬೇಡ ಮಿಸ್, ನೋಡಿ," ಎಂದರು. ನಾನು ನೋಡುತ್ತಲೇ ಇದ್ದೆ.

ಕೂಡಿಸಿದ ಜಾಗದಲ್ಲೂ ಒಳಗೆ ಎರಡು ಬೆರಳು ಬಿಟ್ಟಿದ್ದರು. ಮದುಮಗಳ ರವಿಕೆಯಲ್ಲವೇ.

ಶನಿವಾರ ಸಂಜೆ ಬಾಗಲಗುಂಟೆಯಾಕೆ ಬಂದು ರವಿಕೆ ತೆಗೆದುಕೊಂಡು, ಕಾಲಿಗೆ ಬೀಳಲು ಹೋಗಿ ಬೈಸಿಕೊಂಡು ಹೋದಳು. ಶುಕ್ರವಾರದ ನನ್ನ ಮಾತು ಹಾಗೇ ಉಳಿದಿತ್ತು. "ಆಪಾ, ವಿಡಿಯೋ ಅಳಿಸೋದು..." ಎಂದೆ.

"ಬೇಡ ಬೇಡ. ನಾನು ಏನೋ ಅಂದ್ಕೊಂಡಿದ್ದೆ, ಜನ ಸುಮ್ನೆ ಟೈಂಪಾಸಿಗೆ ನೋಡ್ತಾರೆ ಅಂತ. ಕತ್ತರಿ ಕೈಯಲ್ಲಿ ಹಿಡ್ಕೊಂಡು ನೋಡ್ತಿದಾರೆ ಮಿಸ್! ಬಟ್ಟೆ ಮೇಲೆ ಕತ್ತರಿ ಇಟ್ಟೋರನ್ನ ಅರ್ಧಕ್ಕೆ ಬಿಟ್ಟು ಹೋಗಕ್ಕಾಗುತ್ತಾ?"

ಎಲ್ಲ ಪಾಠವನ್ನೂ ಮೊದಲಿನಿಂದ ಮಾಡಿದರು. ನಾಲ್ಕೈದು ತಿಂಗಳು ಹಿಡಿಯಿತು. ಜಾಹೀರಾತು ಎಲ್ಲಿ ಬರುತ್ತದೆಂದು ಕಂಡುಹಿಡಿಯಲು ನಾನು ನೋಡಿದೆ. ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ. ಹಾಗಾಗಿ ಆಪಾ ಬೇರೆಯೇ ದಾರಿ ಕಂಡುಕೊಂಡರು. ಈಗ ಅವರ ಪ್ರತಿ ಪಾಠವೂ ಹೀಗೆ ಶುರುವಾಗುತ್ತದೆ: "ಮೊದ್ಲು ಕತ್ತರಿ ಕೆಳಗಿಡಿ. ನಾನು ಎತ್ಕೊಳ್ಳಿ ಅನ್ನೋವರೆಗೂ ಮುಟ್ಬೇಡಿ. ನಡುವೆ ಯಾರ್ಯಾರೋ ಬಂದು ಏನೇನೋ ಮಾರ್ತಾರೆ. ಮಾರ್ಲಿ ಪಾಪ, ಅವರ ಹೊಟ್ಟೆಪಾಡು. ನೀವು ಸುಮ್ನಿರಿ."

ಈ ಸಲ ಹೆಸರಿಟ್ಟವರೂ ಅವರೇ. "ಎಡಭುಜ ಕೆಳಗಿರೋ ಟೀಚರ್‌ಗಳಿಗೆ." "ಆಪರೇಷನ್ ಆದ ಅಕ್ಕಂದಿರಿಗೆ." "ಮಗುಗೆ ಹಾಲು ಕೊಡೋರಿಗೆ." "ಗೆರೆ ಮೇಲೆ ಕತ್ತರಿಸಿ ಅಳ್ತಾ ಇರೋರಿಗೆ." ಕೊನೆಯದನ್ನು ಬಹಳ ಜನ ನೋಡಿದ್ದಾರೆ.

ಮತ್ತೆ ಅರ್ಜಿ ಹಾಕಿದೆ. ಮತ್ತೆ ಅದೇ ವಾಕ್ಯ ಬಂತು. ನಾನು ಓದಿ ಮುಗಿಸುವ ಮೊದಲೇ ಆಪಾ, "ಗೊತ್ತಾಯ್ತು ಬಿಡಿ," ಎಂದು ಮಿಷನ್ ತುಳಿಯತೊಡಗಿದರು. ಬಿಳಿ, ಹಳದಿ, ತಿಳಿಗುಲಾಬಿ ಬಟ್ಟೆಗಳನ್ನು ಮಾತ್ರ ಹೊಲಿಯುತ್ತಾ, ಉಳಿದವರನ್ನು ಪಕ್ಕದ ಬೀದಿಗೆ ಕಳಿಸುತ್ತಾ, ಕೊನೆಯವರೆಗೂ ಅದನ್ನೇ ತುಳಿದರು. ಕಳೆದ ವರ್ಷ ರಂಜಾನ್ ಮುಗಿದ ವಾರಕ್ಕೆ, ಎದೆನೋವೆಂದು ಮಲಗಿದವರು ಏಳಲಿಲ್ಲ. ಆ ಕಂಪನಿಯಿಂದ ಅವರಿಗೆ ಒಂದು ರೂಪಾಯಿಯೂ ಬರಲಿಲ್ಲ. ಅವರ ಪಾಠಗಳ ನಡುವೆ ಜಾಹೀರಾತು ಇವತ್ತಿಗೂ ಬರುತ್ತಿದೆ. ನನಗೆ ಇವತ್ತಿಗೂ ಸಿಟ್ಟಿದೆ. ಅವರಿಗೆ ಇರಲಿಲ್ಲವಲ್ಲ ಎಂದು ನನ್ನ ಸಿಟ್ಟು ಇನ್ನೂ ಹೆಚ್ಚಾಗುತ್ತದೆ.

ಸೊಸೆ ಅಂಗಡಿ ಖಾಲಿ ಮಾಡುವಾಗ ಮೊಳೆಯಲ್ಲಿದ್ದ ಪೇಪರುಗಳನ್ನು ಯಾರದು ಯಾರಿಗೆಂದು ತಿಳಿಯದೆ ನನ್ನ ಕೈಗೆ ಕೊಟ್ಟಳು. ಬಾಣದ ಗುರುತಿನದು ಸಿಕ್ಕಿತು. ಉಳಿದವರನ್ನು ಇನ್ನೂ ಹುಡುಕುತ್ತಿದ್ದೇನೆ.

ಮೊನ್ನೆ ಬಾಗಲಗುಂಟೆಗೆ ಹೋಗಿದ್ದೆ. ಅಂದು ನೀಲಿ ರೇಷ್ಮೆ ತಂದಿದ್ದವಳು ಪ್ರತಿ ಭಾನುವಾರ ಮಧ್ಯಾಹ್ನ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಜೊತೆಗೆ ಕೆಲಸ ಮಾಡುವ ನಾಲ್ಕು ಜನ ಹೆಂಗಸರನ್ನು ಕೂರಿಸಿಕೊಂಡು ಪೂರ್ತಿ ರವಿಕೆ ಹೊಲಿಯುವುದು ಕಲಿಸುತ್ತಾಳೆ. ಕಲಿಸುವುದೆಂದರೆ, ಟಿವಿಗೆ ಫೋನು ಜೋಡಿಸಿ ಆಪಾ ಪಾಠ ಹಾಕುತ್ತಾಳೆ. ನಾನು ನನ್ನ ಪೇಪರು ಮತ್ತು ಒಂದು ಮೀಟರ್ ಬಟ್ಟೆ ತೆಗೆದುಕೊಂಡು ಹೋಗಿದ್ದೆ. ಇನ್ನು ನನ್ನ ಭುಜಕ್ಕೆ ನಾನೇ ಹೊಲಿದುಕೊಳ್ಳಬೇಕಲ್ಲ.

ಆಪಾ ಗೆರೆ ಎಳೀರಿ ಎಂದರು. ಎಳೆದೆವು. ಅಷ್ಟರಲ್ಲಿ ಟಿವಿಯಲ್ಲಿ ಯಾರೋ ಒಬ್ಬ ಕಾರಿನಿಂದಿಳಿದು, ಐದೇ ನಿಮಿಷದಲ್ಲಿ ಸಾಲ ಎಂದು ಕೂಗತೊಡಗಿದ. ನಾನು ಸುತ್ತ ನೋಡಿದೆ. ಆ ಐದು ಜನ ಬೆಳಗಿನಿಂದ ಸಂಜೆಯವರೆಗೆ ಕೈ ನಿಲ್ಲಿಸಲು ಬಿಡದ ಕಡೆ ದುಡಿಯುವವರು. ಈಗ ಐವರ ಕೈಯೂ ಮಡಿಲಲ್ಲಿದ್ದವು. ಕತ್ತರಿಗಳು ನೆಲದ ಮೇಲಿದ್ದವು. ಯಾರೂ ಮುಟ್ಟಲಿಲ್ಲ. ಕಾರಿನವನು ಹೇಳುವುದನ್ನೆಲ್ಲ ಹೇಳಿ ಹೋದ. ಮತ್ತೆ ಆ ಕೈ, ಆ ಹಸಿರು ಬಳೆ, ಆ ಸುಟ್ಟ ಕಲೆ ಬಂತು. ಹಿಂದೆ ಎಲ್ಲೋ ಒಂದು ಕೋಳಿ ಕೂಗಿತು.

"ಈಗ ಎತ್ಕೊಳ್ಳಿ," ಎಂದರು ಆಪಾ. "ಗೆರೆ ಆಚೆ, ಎರಡು ಬೆರಳು."

ಎತ್ತಿಕೊಂಡೆವು.